ವೇದನೆಯ ಮೂಲವಿಚಾರ: ಮರ್ಮವೂ ಸೂಜಿಯೂ

ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರಲ್ಲಿ ಸ್ಥಾಪಿತವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಇದೇ ನಗರಕ್ಕೆ ಬಂದಿತು. ಸಮೀಪದಲ್ಲೇ ನೆಲೆಸಿರುವ ಈ ಎರಡು ಸಂಸ್ಥೆಗಳ ಶಾಸ್ತ್ರಗಳು ಭಿನ್ನವಾದರೂ ಒಂದು ತತ್ತ್ವ ಎರಡಕ್ಕೂ ಸಮಾನ: ವೇದನೆಯನ್ನು ಶಮನಗೊಳಿಸಿದರೆ ಸಾಲದು, ಅದರ ಕಾರಣವನ್ನೂ ಅರಸಬೇಕು. ಚೀನದ ಸೂಜಿಚಿಕಿತ್ಸೆಯಾದ ಅಕ್ಯುಪಂಕ್ಚರ್ ಕೂಡ ಇದನ್ನೇ ಹೇಳುತ್ತದೆ. ಇದರಿಂದಲೇ ಅದು ನಮ್ಮ ಮರ್ಮವಿದ್ಯೆಯ ಒಂದು ಕವಲೆಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಯುರ್ವೇದದ ಮತದಂತೆ ವಾತದ ಸಂಬಂಧವಿಲ್ಲದೆ ನೋವಿಲ್ಲ. ವಾತದ ಮಾರ್ಗಕ್ಕೆ ತಡೆಯುಂಟಾದಾಗ ವೇದನೆ ಹುಟ್ಟುತ್ತದೆ. ರೋಗಕಾರಣವನ್ನು ವರ್ಜಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಸುಶ್ರುತಸಂಹಿತೆಯಲ್ಲಿ ಕೀಲುನೋವು ಮೊದಲಾದುವಕ್ಕೆ ಅಗ್ನಿಕರ್ಮವೂ, ಸೊಂಟದಿಂದ ಕಾಲಿಗಿಳಿಯುವ ಗೃಧ್ರಸೀ ಎಂಬ ನೋವಿಗೆ ಮೊಣಕಾಲಿನ ನಾಲ್ಕಂಗುಲ ಮೇಲೆ ಅಥವಾ ಕೆಳಗೆ ಸಿರಾವ್ಯಧವೂ ವಿಹಿತವಾಗಿವೆ. ನಮ್ಮ ಹಳ್ಳಿಗಳಲ್ಲಿ ಬರೆ ಹಾಕುವ ಪದ್ಧತಿ ಈ ಅಗ್ನಿಕರ್ಮವನ್ನು ನೆನಪಿಗೆ ತರುತ್ತದೆ.

ಚೀನೀ ವೈದ್ಯದ ಪ್ರಾಚೀನ ಗ್ರಂಥವಾದ ಹುವಾಂಗ್‌ದಿ ನೇಜಿಂಗ್ ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ರೂಪುಗೊಂಡಿತೆಂದು ವಿದ್ವಾಂಸರ ಅಭಿಪ್ರಾಯ. ದೇಹದ ನಾಳಗಳಲ್ಲಿ ಸಂಚರಿಸುವ 'ಚಿ' ಎಂಬ ಶಕ್ತಿಗೆ ತಡೆಯುಂಟಾದರೆ ನೋವು, ತಡೆ ಕಳೆದರೆ ಶಮನ ಎಂಬುದು ಆ ಪರಂಪರೆಯ ಕಲ್ಪನೆ. ವಾತದ ವಿಚಾರಕ್ಕೂ ಇದಕ್ಕೂ ಹೋಲಿಕೆಯುಂಟು. ಆದರೆ ಹೋಲಿಕೆಯೇ ವಂಶಸಂಬಂಧಕ್ಕೆ ಪ್ರಮಾಣವಾಗಲಾರದು. ಸುಶ್ರುತನು ಎಣಿಸಿದ 107 ಮರ್ಮಗಳು ಶಸ್ತ್ರವೈದ್ಯನು ಗಾಯವಾಗದಂತೆ ಕಾಪಾಡಬೇಕಾದ ಸ್ಥಾನಗಳು. ಅವುಗಳಲ್ಲಿ ಕೆಲವು ಭಿನ್ನವಾದರೆ ಮರಣವೇ ಫಲ. ಚೀನೀ ವೈದ್ಯನ ಬಿಂದುಗಳಾದರೋ ಸೂಜಿಯನ್ನು ಚುಚ್ಚಲೆಂದೇ ಗೊತ್ತುಮಾಡಿದವು. ಒಂದು ವರ್ಜ್ಯ, ಇನ್ನೊಂದು ಗ್ರಾಹ್ಯ. ಇವೆರಡನ್ನೂ ಒಂದೆನ್ನುವುದು ಸುಶ್ರುತನಿಗೇ ಅನ್ಯಾಯ.

ಈ ವಿದ್ಯೆ ಆಧುನಿಕ ಭಾರತಕ್ಕೆ ಬಂದ ದಾರಿ ಬೇರೆ. ಜಪಾನಿನ ಆಕ್ರಮಣಕ್ಕೆ ಗುರಿಯಾದ ಚೀನಕ್ಕೆ 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡ ತೆರಳಿತು. ಕನ್ನಡಿಗರೂ ನೆಲೆಸಿರುವ ಗಡಿನಾಡಾದ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನೀಸರು ಅದರಲ್ಲಿದ್ದು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಬಿ. ಕೆ. ಬಸು ಅವರು ಮುಂದೆ ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಮರ್ಮಶಾಸ್ತ್ರದ ಓಲೆಗರಿಗಳಿಂದಲ್ಲ, ಯುದ್ಧಭೂಮಿಯ ಸ್ನೇಹದಿಂದ ಅದು ನಮಗೆ ಲಭಿಸಿತು.

ಇನ್ನು ಅದರ ಗುಣದ ಮಾತು. ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲಿಯೇ ಬೇರೆ ಸಂವೇದನೆಗಳು ತಡೆಯಬಲ್ಲವೆಂಬ ಸಿದ್ಧಾಂತವನ್ನು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದರು. ಸೂಜಿಯ ಪರಿಣಾಮಕ್ಕೆ ಒಂದು ವಿವರಣೆ ಇದರಿಂದ ದೊರೆಯಿತು. 2012ರಲ್ಲಿ ಪ್ರಕಟವಾದ, ದೀರ್ಘಕಾಲದ ನೋವುಳ್ಳ 17,922 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ನಿಜವಾದ ಸೂಜಿಚಿಕಿತ್ಸೆಯು ತೋರಿಕೆಯ ಚಿಕಿತ್ಸೆಗಿಂತ ಮೇಲಾಗಿ ಕಂಡಿತು. ಆದರೆ ಅಂತರ ಅಲ್ಪ. ಹೀಗಾಗಿ ಶಮನಕ್ಕೆ ಆಧಾರವುಂಟು. ಮೂಲವ್ಯಾಧಿಯೇ ಅಳಿಯಿತೆಂಬುದಕ್ಕೆ ಇದು ಆಧಾರವಲ್ಲ. ಗಾಯ ಮಾಗಿದ ಮೇಲೂ ಉಳಿಯುವ ನೋವಿನಲ್ಲಿ ನರಮಂಡಲದ ವ್ಯತ್ಯಾಸವೇ ಕಾರಣವಾಗಿರಬಹುದು; ಅಲ್ಲಿ ಶಮನವೇ ಚಿಕಿತ್ಸೆಯ ಮುಖ್ಯಭಾಗ. ಕರುಳಿನ ಉರಿಯೂತವೋ ಅರ್ಬುದವೋ ನೋವಿನ ಹಿಂದೆ ಇದ್ದರೆ ಬರಿಯ ಶಮನ ಅಪಾಯವನ್ನು ಮರೆಮಾಡೀತು.

ಆದಕಾರಣ ಪರಂಪರೆಯ ಹಿರಿಮೆಯನ್ನು ಇಲ್ಲದ ವಂಶವೃಕ್ಷದಲ್ಲಿ ಹುಡುಕಬೇಕಾಗಿಲ್ಲ. ನೋವು ಎಲ್ಲಿದೆ ಎಂಬುದರ ಜೊತೆಗೆ ಏಕೆ ಬಂದಿತು ಎಂದು ಕೇಳುವ ಶಿಸ್ತನ್ನು ನಮ್ಮ ವೈದ್ಯಗ್ರಂಥಗಳು ಬೆಳೆಸಿದವು. ಯಾವ ದೇಶದ ಸೂಜಿಯನ್ನಾದರೂ ಸ್ವೀಕರಿಸುವಾಗ ವಿದ್ಯಾರ್ಥಿಯು ಕೈಬಿಡಬಾರದ ಪ್ರಶ್ನೆ ಅದೇ.