ಅಳತೆಯ ಪಟ್ಟಿಯೂ ಮನುಷ್ಯನ ಮೈಕಟ್ಟೂ



ನೀವು ಯಡ್ರಾಮಿಯಲ್ಲಿರಿ, ಜೇವರ್ಗಿಯಲ್ಲಿರಿ, ಓದಲು ಕಲಬುರಗಿಗೆ ಹೋಗಿರಿ. ಜಿಮ್ಮಿನ ಗೋಡೆಯ ಮೇಲೋ ಮೊಬೈಲಿನಲ್ಲೋ ಒಂದು ಪಟ್ಟಿಯನ್ನು ನೋಡಿಯೇ ಇರುತ್ತೀರಿ. ಇಷ್ಟು ಎತ್ತರಕ್ಕೆ ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು! ಟೇಪು ಹಿಡಿದು ನೋಡಿದಾಗ ಎರಡು ಇಂಚು ಕಡಿಮೆ ಬಂದರೆ ಮನಸ್ಸು ಕುಗ್ಗುತ್ತದೆ. ಕೆಲವರು ಊಟ ಬಿಡುತ್ತಾರೆ, ಕೆಲವರು ಏನೆಂದು ತಿಳಿಯದ ಪುಡಿ, ಇಂಜೆಕ್ಷನ್‌ಗಳ ಬೆನ್ನು ಹತ್ತುತ್ತಾರೆ. ಆದ್ದರಿಂದ ಈ ಪಟ್ಟಿಗಳ ಚರಿತ್ರೆಯನ್ನು ನಾವು ತಿಳಿಯಬೇಕು.

ಮೊದಲಿಗೆ ಇವು ಶಿಲ್ಪಿಗಳ ಸೊತ್ತು. ಗ್ರೀಸಿನ ಪಾಲಿಕ್ಲೀಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಅಂಗಾಂಗಗಳ ಪ್ರಮಾಣವನ್ನು ಕುರಿತು ಗ್ರಂಥ ಬರೆದ. ನಮ್ಮ ದೇಶದ ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಪುರುಷರನ್ನು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆಯಾಗಿ ವಿಂಗಡಿಸಿ, ಅವರ ಎತ್ತರ 108, 106, 104, 100, 90 ಅಂಗುಲ ಎಂದಿತು. ಅದೂ ಅವರವರ ಬೆರಳಿನ ಅಳತೆಯಲ್ಲಿ! ಒಂದೇ ಅಚ್ಚು ಎಲ್ಲರಿಗೂ ಹೊಂದದೆಂದು ಅಂದಿನ ಚಿತ್ರಕಾರರಿಗೂ ಗೊತ್ತಿತ್ತು.

ಶಿಲ್ಪದ ಅಳತೆಯನ್ನು ಜೀವಂತ ಮೈಗೆ ತಂದವರಲ್ಲಿ ಯೂಜೆನ್ ಸ್ಯಾಂಡೋ ಪ್ರಮುಖ. 1901ರಲ್ಲಿ ಲಂಡನ್ನಿನಲ್ಲಿ ಆತ ಏರ್ಪಡಿಸಿದ ಸ್ಪರ್ಧೆ ದೇಹಸೌಷ್ಠವಕ್ಕೆ ಬಹುಮಾನ ಕೊಟ್ಟಿತು. ಮುಂದೆ ಆತ ಭಾರತಕ್ಕೂ ಬಂದ. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ (1897-1980) ವ್ಯಾಯಾಮಶಾಲೆ ಕಟ್ಟಿ, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದರು. 'ಶಾಂತಲಾ' ಕಾದಂಬರಿಯ ಕರ್ತೃವೂ ಅವರೇ.

ಇನ್ನು ಗಾಮಾ ಪೈಲ್ವಾನರನ್ನು ನೋಡಿ. 1910ರಲ್ಲಿ ಲಂಡನ್ನಿಗೆ ಹೋದ ಗುಲಾಮ್ ಮುಹಮ್ಮದರ ಎತ್ತರ ಸುಮಾರು 5 ಅಡಿ 8 ಇಂಚು ಮಾತ್ರ. ಅವರಿಗಿಂತ ದೊಡ್ಡ ಆಳಾದ ಜಿಬಿಸ್ಕೋ ಎರಡೂವರೆ ಗಂಟೆಗೂ ಹೆಚ್ಚು ಕಾಲ ನೆಲ ಕಚ್ಚಿ ಸಮ ಮಾಡಿಕೊಂಡ. ಮರು ಕುಸ್ತಿಗೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದರು. ದಂಡ, ಬೈಠಕ್‌ಗಳಿಂದ ಬಂದ ಆ ಬಲ ಯಾವ ಟೇಪಿಗೆ ಸಿಕ್ಕೀತು?

ಶಾಸ್ತ್ರೀಯ ಸಾಕ್ಷ್ಯವೂ ಇದೆ. 1950ರಲ್ಲಿ ಅಮೆರಿಕದ ವಾಯುಪಡೆ 4,063 ಪೈಲಟ್‌ಗಳ ಮೈ ಅಳೆಯಿತು. ಹತ್ತು ಅಳತೆಗಳಲ್ಲಿಯೂ ಸರಾಸರಿಗೆ ಹತ್ತಿರವಿದ್ದವನು ಒಬ್ಬನೂ ಸಿಗಲಿಲ್ಲ! ಸರಾಸರಿ ಮನುಷ್ಯನೇ ಇಲ್ಲವೆಂದ ಮೇಲೆ ಆದರ್ಶ ಮನುಷ್ಯನನ್ನು ಎಲ್ಲಿ ಹುಡುಕುವಿರಿ? ಎಲುಬಿನ ಉದ್ದ ಬಹುಮಟ್ಟಿಗೆ ತಂದೆತಾಯಿಗಳಿಂದ ಬಂದದ್ದು. ಯಾವ ಕಸರತ್ತೂ ಅದನ್ನು ಹೆಚ್ಚಿಸದು.

ಹಾಗಾದರೆ ಅಳತೆಯೇ ಬೇಡವೆ? ಬೇಕು, ಆದರೆ ಉದ್ದೇಶವಿರಬೇಕು. ಪೊಲೀಸ್ ನೇಮಕಾತಿಗೆ ಎತ್ತರ, ಎದೆಯ ನಿಯಮವಿದೆ. ಅದು ನೌಕರಿಯ ಷರತ್ತು, ಅಂದದ ತೀರ್ಪಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂಚ್ಯಂಕ ಆರೋಗ್ಯದ ಎಚ್ಚರಿಕೆ. ಅದರಲ್ಲಿಯೂ ಏಷ್ಯಾದವರು 23ಕ್ಕೇ ಜಾಗೃತರಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಅಂದರೆ ಒಂದು ನಾಡಿನ ಪಟ್ಟಿ ಇನ್ನೊಂದು ನಾಡಿಗೆ ಹಾಗೆಯೇ ಒಗ್ಗದು.

ನಮ್ಮ ಕಡೆ ಗರಡಿಯ ಸಾಧನೆಗೆ ತಾಲೀಮು ಎನ್ನುತ್ತೇವೆ. ಅರಬ್ಬಿಯ 'ತಾಲೀಮ್' ಎಂದರೆ ಕಲಿಸುವುದು, ಶಿಕ್ಷಣ. ಪುಸ್ತಕದ ವಿದ್ಯೆಗೂ ಮೈಯ ವಿದ್ಯೆಗೂ ಒಂದೇ ಹೆಸರು! ಪರೀಕ್ಷೆಯಲ್ಲಿ ಕಳೆದ ಬಾರಿಯ ಅಂಕಗಳೊಡನೆ ಈ ಬಾರಿಯ ಅಂಕಗಳನ್ನು ಹೋಲಿಸುವಂತೆ, ಮೂರು ತಿಂಗಳ ಹಿಂದಿನ ನಿಮ್ಮ ಮೈಯೊಡನೆ ಇಂದಿನ ಮೈಯನ್ನು ಹೋಲಿಸಿರಿ. ದಮ್ಮು ಹೆಚ್ಚಿತೆ? ಜೋಳದ ಚೀಲ ಸಲೀಸಾಗಿ ಎದ್ದಿತೆ? ರಾತ್ರಿ ನಿದ್ದೆ ಚೆನ್ನಾಗಿ ಬಂದಿತೆ? ಹಾಗಿದ್ದರೆ ನಿಮ್ಮ ತಾಲೀಮು ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ.