ನೆಂದ ಮೊಬೈಲಿನಲ್ಲಿ ಉಳಿದ ಮಾಹಿತಿ: ಫ್ಲ್ಯಾಶ್ ಮೆಮೊರಿಯ ದೋಷ ತಿದ್ದುವಿಕೆ ಮತ್ತು ಬಿಸಿಯ ಹಾನಿ

ಶಿರಸಿ ತಾಲೂಕಿನ ಹುಲೇಕಲ್ ಸೀಮೆಯಲ್ಲಿ ಮಳೆಗಾಲದ ತೋಟಕ್ಕೆ ಇಳಿದವರ ಮೊಬೈಲಿಗೆ ನೀರು ಹೊಕ್ಕರೆ ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸುವ ಯೋಚನೆ ಮೊದಲು ಬರುತ್ತದೆ. ಒಳಗಿನ ಮಾಹಿತಿಯ ಮಟ್ಟಿಗೆ ನೀರಿಗಿಂತ ಆ ಬಿಸಿಯೇ ಕೆಟ್ಟದ್ದು ಎಂಬುದು ಈ ಲೇಖನದ ವಾದ.

ನ್ಯಾಂಡ್ ಫ್ಲ್ಯಾಶ್ ಕೋಶದಲ್ಲಿ ಮಾಹಿತಿ ನಿಂತಿರುವುದು ನಿರೋಧಕ ಪದರದ ಹಿಂದೆ ಸೆರೆಸಿಕ್ಕ ಎಲೆಕ್ಟ್ರಾನ್‌ಗಳ ರೂಪದಲ್ಲಿ. ನೀರು ಬೋರ್ಡಿನ ತಾಮ್ರವನ್ನು ತಿನ್ನುತ್ತದೆ, ಇವನ್ನು ಮುಟ್ಟುವುದಿಲ್ಲ. ಬಿಸಿ ಏರಿದಷ್ಟೂ ಇವು ಬೇಗ ಸೋರಿ, ಬಿಟ್‌ಗಳು ತಿರುವುಮುರುವಾಗುತ್ತವೆ.

ಇಂಥ ತಪ್ಪುಗಳನ್ನು ತಿದ್ದಲು ಚಿಪ್ಪಿನ ಪ್ರತಿ ಪುಟದಲ್ಲೂ (ಒಮ್ಮೆಗೆ ಓದುವ ಭಾಗದಲ್ಲೂ) ಹೆಚ್ಚುವರಿ ಜಾಗವಿರುತ್ತದೆ. ಹಳೆಯ ಚಿಪ್‌ಗಳಲ್ಲಿ 2048 ಬೈಟ್ ಮಾಹಿತಿಗೆ 64 ಬೈಟ್, ಅಂದರೆ 512 ಬೈಟ್‌ಗೆ 16. ಅಲ್ಲಿ ಅನೇಕ ಕಡೆ ಬಳಕೆಯಾಗುವುದು ತಪ್ಪು ತಿದ್ದುವ ಬಿಸಿಎಚ್ ಸಂಕೇತ. 1959ರಲ್ಲಿ ಫ್ರಾನ್ಸಿನ ಹೊಕೆಂಗೆಮ್, 1960ರಲ್ಲಿ ರಾಜಚಂದ್ರ ಬೋಸ್ ಮತ್ತು ಅವರ ಶಿಷ್ಯ ರಾಯ್-ಚೌಧುರಿ ಬೇರೆಬೇರೆಯಾಗಿ ಕಂಡುಕೊಂಡದ್ದು. 512 ಬೈಟ್‌ನಲ್ಲಿ ಒಂದು ತಪ್ಪು ತಿದ್ದಲು 13 ಬಿಟ್ ಬೇಕು. ಎಂಟು ತಪ್ಪಿಗೆ 104 ಬಿಟ್, ಸರಿಯಾಗಿ 13 ಬೈಟ್. ಒಂಬತ್ತನೆಯ ತಪ್ಪು ಬಿದ್ದರೆ ಲೆಕ್ಕ ಕೈಕೊಡುತ್ತದೆ. ಕೆಲವೊಮ್ಮೆ ಅದು ತಪ್ಪನ್ನೇ ಸರಿಯೆಂದು ಒಪ್ಪಿಸಿಬಿಡುತ್ತದೆ, ಮತ್ತು ಕೆಟ್ಟ ಮೊಬೈಲಿನಿಂದ ಮಾಹಿತಿ ತೆಗೆಯುವವನು ನಿಜವಾಗಿ ಹೆದರಬೇಕಾದದ್ದು ಅದಕ್ಕೇ.

ಮೊಬೈಲು ಚಾಲೂ ಆಗದಾಗ ಇಂಥ ಚಿಪ್ಪನ್ನು ಕಿತ್ತು ನೇರವಾಗಿ ಓದುವವನಿಗೆ ತಯಾರಕ ಸಂಕೇತಕ್ಕೆ ಬಳಸಿದ ಬಹುಪದಿ, ಬಿಟ್‌ಗಳ ಕ್ರಮ ಯಾವುದೂ ಗೊತ್ತಿರುವುದಿಲ್ಲ. ಊಹಿಸಿ ಪರೀಕ್ಷಿಸಬೇಕು. ಊಹೆ ಸರಿಯಿದ್ದರೆ ಕೆಡದ ಪುಟಗಳಲ್ಲೆಲ್ಲ ಸಿಂಡ್ರೋಮ್, ಅಂದರೆ ತಪ್ಪಿದೆಯೇ ಎಂದು ತೋರಿಸುವ ಲೆಕ್ಕದ ಫಲ, ಸೊನ್ನೆ ಬರುತ್ತದೆ. ಸಂದೇಶಗಳನ್ನು ಇಡುವ ಎಸ್‌ಕ್ಯೂಲೈಟ್ ಕಡತದ ಮೊದಲ 16 ಬೈಟ್‌ಗಳು ಎಲ್ಲೆಡೆ ಒಂದೇ ಆಗಿರುವುದರಿಂದ, ಅಂಥ ಕಡತ ಸಿಕ್ಕರೆ ಇನ್ನೊಂದು ತಾಳೆ ನೋಡಬಹುದು.

ಆದರೆ ಚಿಪ್ಪನ್ನು ಬೋರ್ಡಿಗೆ ಹಿಡಿದಿಡುವ ಸೀಸವಿಲ್ಲದ ಬೆಸುಗೆ ಕರಗುವುದೇ ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫುಕಾಮಿ, ಮುಟ್ಲು ಮೊದಲಾದ ಸಂಶೋಧಕರು 2017ರಲ್ಲಿ ತೋರಿಸಿದಂತೆ, ಹೀಗೆ ಕಾಯಿಸಿ ಕಿತ್ತಾಗ ತಿದ್ದಲಾಗದ ತಪ್ಪುಗಳು ಹೆಚ್ಚುತ್ತವೆ. ಓದುವ ವೋಲ್ಟೇಜಿನ ಗಡಿಯನ್ನು ಸರಿಸಿ ಮತ್ತೆ ಓದಿದರೆ ಅವುಗಳಲ್ಲಿ ಬಹಳಷ್ಟನ್ನು ಕಡಿಮೆ ಮಾಡಬಹುದು. ಒಲೆಯ ಬಿಸಿ ಅಷ್ಟಿಲ್ಲ, ನಿಜ. ಆದರೂ ತಿದ್ದುವ ಶಕ್ತಿಯ ಒಂದು ಪಾಲನ್ನು ಅದು ಮೊದಲೇ ತಿಂದಿರುತ್ತದೆ.

ಆಂಡ್ರಾಯ್ಡ್ 10ರ ಜೊತೆಗೇ ಬಂದ ಮೊಬೈಲುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಅಲ್ಲಿ ಒಂದು ಬಿಟ್ ತಪ್ಪಿದರೆ ಸಾಮಾನ್ಯವಾಗಿ 16 ಬೈಟ್ ಹಾಳು. ಕೀಲಿಯ ಬೇರು ಪ್ರೊಸೆಸರ್‌ನಲ್ಲೇ ಇರುವುದರಿಂದ ಮೆಮೊರಿಯನ್ನು ಮಾತ್ರ ಕಿತ್ತು ಪ್ರಯೋಜನವಿಲ್ಲ. ಹಾಗಾಗಿ ಬ್ಯಾಟರಿ ಸಂಪರ್ಕ ತಪ್ಪಿಸಿ, ಚಾರ್ಜಿಗೆ ಹಾಕದೆ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ದುರಸ್ತಿ ಮಾಡುವುದೇ ಮೊದಲ ಹೆಜ್ಜೆ. ಗೂಢಲಿಪಿಯಿಲ್ಲದ ಹಳೆಯ ಸೆಟ್ಟುಗಳಲ್ಲೂ ಚಿಪ್ ಕೀಳುವ ಮಾತು ಬರಬೇಕಾದದ್ದು ದುರಸ್ತಿ ಸೋತ ಮೇಲೆ.