ಒಂದು ದಿರ್ಹಮಿನ ದೋಣಿ

ಪೆಟ್ರೋಲ್ ರೇಟು ಏರಿದ ತಿಂಗಳು ನಮ್ಮ ರೂಮಿನಲ್ಲಿ ಮೊದಲು ಕ್ಯಾನ್ಸಲ್ ಆಗೋದು ಫುಜೈರಾ ಟ್ರಿಪ್ಪು. 2015ರ ಜುಲೈವರೆಗೆ ಇಲ್ಲಿ ಪೆಟ್ರೋಲಿಗೆ ಸರ್ಕಾರ ಗೊತ್ತುಮಾಡಿದ ದರ ಇತ್ತು. ಆ ಆಗಸ್ಟಿನಿಂದ ಹೊರಗಿನ ಮಾರುಕಟ್ಟೆ ನೋಡಿಕೊಂಡು ತಿಂಗಳಿಗೊಮ್ಮೆ ಬದಲಾಗುತ್ತಾ ಬಂದಿದೆ. 2022ರ ಜುಲೈಯಲ್ಲಿ ಸೂಪರ್ 98 ಲೀಟರಿಗೆ 4 ದಿರ್ಹಮ್ 63 ಫಿಲ್ಸ್ ಮುಟ್ಟಿತು. ನಾಲ್ಕು ಜನ ಹಂಚಿಕೊಂಡರೂ ಕಾರಿನ ಬಾಡಿಗೆ, ಪೆಟ್ರೋಲು, ಸಾಲಿಕ್ ಎಲ್ಲಾ ಸೇರಿದರೆ ಊರಿಗೆ ಕಳಿಸುವ ದುಡ್ಡಿಗೇ ಕೈ ಹಾಕಬೇಕು. ಬೇರೆ ದಾರಿ ಕಾಣದೆ ಆ ರಜೆಗೆ ಮೆಟ್ರೊ ಹತ್ತಿ ದುಬೈ ಖೋರ್ ಕಡೆ ಹೋದೆವು. ನಾವು ಕ್ರೀಕ್ ಅನ್ನುತ್ತೇವಲ್ಲ, ಅದೇ. ಪೆಟ್ರೋಲ್ ದುಬಾರಿ ಅಂತ ಹೋದ ಆ ಜಾಗ, ಇಲ್ಲಿ ಎಣ್ಣೆ ಸಿಗುವ ಮೊದಲೇ ಬೆಳೆದ ಊರು ಅಂತ ಆಮೇಲೆ ಓದಿ ತಿಳಿದದ್ದು.

ಗ್ರೀನ್ ಲೈನಿನಲ್ಲಿ ಅಲ್ ಗುಬೈಬಾ ಸ್ಟೇಷನ್‌ನಲ್ಲಿ ಇಳಿದರೆ ನೀರಿನ ದಡಕ್ಕೆ ನಡೆದೇ ಹೋಗಬಹುದು. ಸಿಲ್ವರ್ ನೋಲ್ ಕಾರ್ಡಿಗೆ ಒಂದೇ ವಲಯವಾದರೆ 3 ದಿರ್ಹಮ್, ಪಕ್ಕದ ವಲಯಕ್ಕೆ 5, ಅದಕ್ಕೂ ದೂರವಾದರೆ 7.50. (ಹಸಿವಾಯ್ತು ಅಂತ ಮೆಟ್ರೊ ಒಳಗೆ ಚಿಪ್ಸ್ ಪ್ಯಾಕೆಟ್ ಬಿಚ್ಚಬೇಡಿ, 100 ದಿರ್ಹಮ್ ದಂಡ. ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತೆ.) ಬರ್ ದುಬೈ ದಡದಲ್ಲಿ ಮರದ ಅಬ್ರಾ ದೋಣಿಗಳು ಸಾಲಾಗಿ ನಿಂತಿರುತ್ತವೆ. ಸೀಟು ತುಂಬಿದ ಕೂಡಲೇ ಹೊರಡುತ್ತವೆ. ಆಚೆ ದಡ ದೇರಾ. ಚಾರ್ಜು ಒಂದು ದಿರ್ಹಮ್.

ಇವತ್ತು ಇಂಜಿನ್ ಇದೆ, ಹಿಂದೆ ಹುಟ್ಟು ಹಾಕಿಯೇ ದಾಟಿಸುತ್ತಿದ್ದರು. 1963ರಲ್ಲಿ ಮಕ್ತೂಮ್ ಸೇತುವೆ ಆಗುವ ತನಕ ಈಚೆಯಿಂದ ಆಚೆಗೆ ಹೋಗಲು ಒಂದೋ ಅಬ್ರಾ ಹತ್ತಬೇಕು, ಇಲ್ಲಾ ಖೋರಿನ ತುದಿಯನ್ನು ಸುತ್ತಿಕೊಂಡು ಬರಬೇಕು. ಅದಕ್ಕೂ ಮೊದಲು ಇಡೀ ಊರಿನ ಚಿಂತೆ ಮರಳು. ಖೋರಿನ ಬಾಯಿ ಮರಳಿನಿಂದ ತುಂಬುತ್ತಾ ಬಂದು, ವ್ಯಾಪಾರದ ಹಡಗುಗಳು ಒಳಗೆ ಬರಲು ಪರದಾಡುತ್ತಿದ್ದವು. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತು ಬಂದು ಇಲ್ಲಿಯ ಮುತ್ತಿನ ವ್ಯಾಪಾರ ಮಲಗಿತ್ತು. ಉಳಿದದ್ದು ಈ ನೀರಿನ ದಾರಿಯೊಂದೇ. 1958ರಲ್ಲಿ ಆಳ್ವಿಕೆಗೆ ಬಂದ ಶೇಖ್ ರಾಶಿದ್ ಕುವೈತಿನಿಂದ ಸಾಲ ತಂದು, ವ್ಯಾಪಾರಿಗಳಿಗೆ ಬಾಂಡ್ ಮಾರಿ 1959ರಲ್ಲಿ ಹೂಳೆತ್ತಲು ಶುರು ಮಾಡಿದರು. ತೆಗೆದ ಮರಳಿನಲ್ಲೇ ದಡ ತುಂಬಿಸಿ ಹೊಸ ನೆಲ ಮಾಡಿಕೊಂಡರು. ದುಬೈಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅಂದರೆ ಸಾಲ ಮಾಡಿ ಹೊಳೆ ಅಗೆದದ್ದು, ಕೈಯಲ್ಲಿ ಎಣ್ಣೆಯ ಕಾಸು ಇಲ್ಲದಿದ್ದಾಗ.

ಹೂಳೆತ್ತಿದರೂ ದೊಡ್ಡ ಹಡಗುಗಳು ಒಳಗೆ ಬರುತ್ತಿರಲಿಲ್ಲ. ರಾಶಿದ್ ಬಂದರು ತೆರೆದದ್ದು 1972ರಲ್ಲಿ. ಅಲ್ಲಿಯವರೆಗೆ ಮುಂಬಯಿಯಿಂದ ಬಂದ ಸ್ಟೀಮರು ದೂರದಲ್ಲೇ ಲಂಗರು ಹಾಕುತ್ತಿತ್ತು, ಜನ ಚಿಕ್ಕ ದೋಣಿಗೆ ಇಳಿದು ದಡ ಸೇರಬೇಕಿತ್ತು. ಮುಂಬಯಿಗೂ ಬಸ್ರಾಕ್ಕೂ ನಡುವೆ ಓಡಾಡುತ್ತಿದ್ದ 'ದಾರಾ' ಅಂಥದ್ದೊಂದು ಹಡಗು. 1961ರ ಏಪ್ರಿಲ್ 7ರಂದು ದುಬೈ ಹೊರಗೆ ನಿಂತಿದ್ದಾಗ ಬಿರುಗಾಳಿ ಎದ್ದಿತು. ಸುರಕ್ಷಿತ ಅಂತ ಹಡಗನ್ನು ಸಮುದ್ರದ ಕಡೆ ಒಯ್ದರು. ಮರುದಿನ ಬೆಳಗಿನ ಜಾವ ಹಡಗಿನೊಳಗೆ ಸ್ಫೋಟವಾಗಿ ಬೆಂಕಿ ಹತ್ತಿತು. ಸತ್ತವರು 238 ಜನ. ಕೆಲಸ ಹುಡುಕಿ ಹೊರಟ ಭಾರತೀಯರು, ಪಾಕಿಸ್ತಾನಿಗಳು ಅದರಲ್ಲಿದ್ದರು. ಹಡಗು ಎರಡು ದಿನ ಬಿಟ್ಟು ಮುಳುಗಿತು. ಇವತ್ತು ಮಂಗಳೂರಿನಲ್ಲಿ ಹತ್ತಿ ನಾಲ್ಕು ಗಂಟೆಯೊಳಗೆ ಇಳಿಯುವ ನಾವು, ವಿಮಾನ ಎರಡು ಗಂಟೆ ಲೇಟಾದರೆ ಎಷ್ಟು ಕೂಗಾಡುತ್ತೇವೆ! ಅಬ್ರಾದಲ್ಲಿ ಕೂತಾಗ ಯಾಕೋ ನನಗೆ ಆ ಹಡಗಿನ ನೆನಪೇ ಬರುತ್ತದೆ.

ಬರ್ ದುಬೈ ಕಡೆ ಬಟ್ಟೆ ಮಾರ್ಕೆಟ್ ದಾಟಿದರೆ ಅಲ್ ಫಹೀದಿ. ಹಳೇ ಹೆಸರು ಬಸ್ತಕಿಯಾ. ಆಚೆ ದಡದ ಪರ್ಷಿಯಾದಲ್ಲಿ ಸುಂಕ ಹೆಚ್ಚಾದಾಗ, 20ನೇ ಶತಮಾನದ ಶುರುವಿನ ಹೊತ್ತಿಗೆ ಅಲ್ಲಿಯ ಬಸ್ತಕ್ ಕಡೆಯ ವ್ಯಾಪಾರಿಗಳು ಇಲ್ಲಿಗೆ ಬಂದು ಮನೆ ಕಟ್ಟಿದರು. ಅವರೂ ವಲಸಿಗರೇ. ಮನೆಯ ಮೇಲೆ ನಾಲ್ಕು ಕಡೆ ಬಾಯಿ ತೆರೆದ ಗೋಪುರ ಕಾಣುತ್ತದಲ್ಲ, ಅದು ಬರ್ಜೀಲ್. ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟಿಲ್ಲದ ಎಸಿ ಅನ್ನಿ. 1970ರ ದಶಕದಲ್ಲಿ ಮನೆಯವರು ಹೊಸ ಬಡಾವಣೆಗೆ ಹೋದ ಮೇಲೆ ಇವು ಗೋದಾಮುಗಳಾದವು, ಹೊರದೇಶದ ಕೆಲಸಗಾರರ ರೂಮುಗಳೂ ಆದವು. ಆಮೇಲೆ ಅರ್ಧ ಬಡಾವಣೆ ಕೆಡವಿ ಹೋಯಿತು. ಅಲ್ಲೇ ವಾಸವಿದ್ದ ಬ್ರಿಟಿಷ್ ಆರ್ಕಿಟೆಕ್ಟ್ ರೇನರ್ ಓಟರ್ ಹಟ ಹಿಡಿದರು, 1989ರಲ್ಲಿ ಭೇಟಿ ಕೊಟ್ಟ ರಾಜಕುಮಾರ ಚಾರ್ಲ್ಸ್ ಕೂಡ ಉಳಿಸಿ ಅಂದರು, ಮಿಕ್ಕಿದ್ದು ಉಳಿಯಿತು. ಬೋರ್ಡುಗಳಲ್ಲಿ ಬಸ್ತಕಿನ ವ್ಯಾಪಾರಿಗಳ ಕಥೆ ಇದೆ. ಅಲ್ಲಿ ಬಂಕ್ ಬೆಡ್ ಹಾಕಿಕೊಂಡು ಮಲಗಿದವರ ಮಾತು ನಮಗೆ ಎಲ್ಲೂ ಕಾಣಲಿಲ್ಲ. ಅದನ್ನು ನಾವಾದರೂ ಬರೆದಿಡಬೇಕಿತ್ತು.

ನಮ್ಮ ಗುರುತು ಇರೋದು ದುಡ್ಡಿನಲ್ಲಿ. 1909ರಲ್ಲಿ ಇಲ್ಲಿ ಅಂಚೆ ಕಚೇರಿ ತೆರೆದಾಗ ಅದು ಭಾರತದ ಅಂಚೆ ಇಲಾಖೆಯದ್ದು, ಕಾಗದಕ್ಕೆ ಭಾರತದ ಸ್ಟಾಂಪೇ. ವ್ಯವಹಾರ ರೂಪಾಯಿಯಲ್ಲಿ. ಇಲ್ಲಿಯ ರೂಪಾಯಿ ಕಳ್ಳಸಾಗಣೆಯ ಚಿನ್ನಕ್ಕೆ ಬಳಕೆಯಾಗುತ್ತದೆ ಅಂತ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಗಲ್ಫಿಗಂತಲೇ ಬೇರೆ ನೋಟು ಅಚ್ಚು ಹಾಕಿಸಿತು. ಬಣ್ಣ ಬೇರೆ, ನಂಬರಿನ ಹಿಂದೆ ಜೆಡ್ ಅಕ್ಷರ, ಭಾರತದೊಳಗೆ ಅದು ನಡೆಯುತ್ತಿರಲಿಲ್ಲ. 1966ರ ಜೂನ್ 6ರಂದು ದಿಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಇಲ್ಲಿಯವರ ಜೇಬಿಗೂ ಬಿತ್ತು ಪೆಟ್ಟು. ಅದೇ ವರ್ಷ ದುಬೈ ರೂಪಾಯಿ ಬಿಟ್ಟು ರಿಯಾಲ್ ಹಿಡಿಯಿತು. ದಿರ್ಹಮ್ ಬಂದದ್ದು 1973ರಲ್ಲಿ. ರೂಪಾಯಿ ಬಿದ್ದ ದಿನ ಎಕ್ಸ್‌ಚೇಂಜ್ ಮುಂದೆ ಖುಷಿಯಿಂದ ಕ್ಯೂ ನಿಲ್ಲುವ ನಮಗೆ ಇದು ತಲೆಕೆಳಗಾದ ಕಥೆ ಅನಿಸಬಹುದು. ಇವತ್ತಿಗೂ ಇಲ್ಲಿಯ ಹಿರಿಯ ಅರಬ್ಬರ ಬಾಯಲ್ಲಿ ದಿರ್ಹಮಿಗೆ 'ರುಬ್ಬಿಯಾ' ಅನ್ನೋ ಮಾತು ಬರುತ್ತೆ.

ಹೋಗುವುದಾದರೆ ಅಕ್ಟೋಬರ್ ಕಳೆದ ಮೇಲೆ, ಸಂಜೆ ನಾಲ್ಕರ ಹೊತ್ತಿಗೆ ಹೋಗಿ. ಓಣಿ ಸುತ್ತಲು ಟಿಕೆಟ್ ಇಲ್ಲ. ದೇರಾ ಕಡೆ ಇಳಿದು ಮಸಾಲೆ ಮಾರ್ಕೆಟ್ ನೋಡಿ, ಮರದ ಹಡಗಿಗೆ ಫ್ರಿಜ್ಜು, ಟೈರು ತುಂಬುತ್ತಿದ್ದರೆ ಸ್ವಲ್ಪ ಹೊತ್ತು ನಿಂತು ನೋಡಿ. ವಾಪಸ್ ಬರಲು ಇನ್ನೊಂದು ದಿರ್ಹಮ್. ಚಿಲ್ಲರೆ ಮೊದಲೇ ಇಟ್ಟುಕೊಳ್ಳಿ, ದೋಣಿಯವನ ಹತ್ತಿರ ನೂರರ ನೋಟು ಚಾಚಿದರೆ ಬೈಗುಳ ಗ್ಯಾರಂಟಿ.